ಸೋರುವ ಕಿವಿಯ ರೋಗಾಣುಗಳು: ಕಲ್ಚರ್ ರಿಪೋರ್ಟ್ ಓದುವುದು ಹೇಗೆ?

ಕಿವಿ ವಾರಗಟ್ಟಲೆ ಸೋರುತ್ತಲೇ ಇದ್ದರೆ ಡಾಕ್ಟರು ಯಾವುದೋ ಒಂದು ಹಂತದಲ್ಲಿ ಕೀವನ್ನು ಕಲ್ಚರ್‌ಗೆ, ಅಂದರೆ ಅದರಲ್ಲಿರುವ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆಗೆ ಕಳಿಸುತ್ತಾರೆ. ಎರಡು ಮೂರು ದಿನದಲ್ಲಿ ಒಂದು ಹಾಳೆ ಕೈಗೆ ಬರುತ್ತದೆ. ಮೇಲ್ಗಡೆ ಒಂದು ಬ್ಯಾಕ್ಟೀರಿಯಾದ ಉದ್ದನೆಯ ಹೆಸರು. ಕೆಳಗೆ ಸಾಲಾಗಿ ಆ್ಯಂಟಿಬಯಾಟಿಕ್‌ಗಳು. ಒಂದೊಂದರ ಮುಂದೆ ಎಸ್, ಐ ಅಥವಾ ಆರ್ ಎಂಬ ಅಕ್ಷರ. ಎಸ್ ಇದ್ದರೆ ಔಷಧಿ ಕೆಲಸ ಮಾಡುತ್ತದೆ, ಆರ್ ಇದ್ದರೆ ಮಾಡುವುದಿಲ್ಲ ಅಂತ ಎಲ್ಲರೂ ಓದಿಕೊಳ್ಳುತ್ತೇವೆ, ಅಲ್ವಾ?

ಕಿವಿಯ ವಿಷಯದಲ್ಲಿ ಈ ಹಾಳೆಯನ್ನು ಅಷ್ಟು ನೇರವಾಗಿ ಓದಿದರೆ ದಾರಿ ತಪ್ಪುತ್ತದೆ. ಆರ್ ಅಂತ ಬರೆದಿರುವ ಔಷಧಿಯ ಹನಿಯಿಂದಲೇ ಕಿವಿ ಒಣಗಬಹುದು. ಎಸ್ ಇರುವ ಮಾತ್ರೆ ನುಂಗಿದರೂ ಸೋರುವುದು ನಿಲ್ಲದಿರಬಹುದು. ಯಾಕೆ ಹೀಗೆ ಅಂತ ತಿಳಿಯಬೇಕಾದರೆ ಒಳಗೆ ಯಾವ ರೋಗಾಣುಗಳಿವೆ, ಅವು ಎಲ್ಲಿಂದ ಬಂದವು, ಲ್ಯಾಬಿನಲ್ಲಿ ನಿಜವಾಗಿ ಅಳೆಯುವುದು ಏನನ್ನು ಎಂಬುದನ್ನು ನೋಡಬೇಕು.

ರೋಗಾಣು ಬರುವ ದಾರಿ

ಕಿವಿಯ ತಮಟೆಯ ಹಿಂದೆ ಗಾಳಿ ತುಂಬಿದ ಪುಟ್ಟ ಜಾಗವಿದೆ. ಅದೇ ನಡುಗಿವಿ. ಅಲ್ಲಿಂದ ಯೂಸ್ಟೇಷಿಯನ್ ನಾಳ ಎಂಬ ಸಣ್ಣ ಕೊಳವೆ ಮೂಗಿನ ಹಿಂಭಾಗಕ್ಕೆ ಹೋಗುತ್ತದೆ. ತಮಟೆ ಸರಿಯಾಗಿದ್ದರೆ ಹೊರಗಿನ ನೀರಾಗಲಿ ಕೊಳೆಯಾಗಲಿ ನಡುಗಿವಿಗೆ ಹೋಗಲಾರದು. ಮೂಗು, ಗಂಟಲಿನ ಕಡೆಯಿಂದ ಮಾತ್ರ ದಾರಿ ತೆರೆದಿರುತ್ತದೆ. ಚಿಕ್ಕ ಮಕ್ಕಳಲ್ಲಿ ಈ ನಾಳ ಗಿಡ್ಡ, ಹೆಚ್ಚುಕಡಿಮೆ ಅಡ್ಡಕ್ಕೆ ಮಲಗಿದಂತೆ ಇರುತ್ತದೆ. ಅದಕ್ಕೇ ನೆಗಡಿಯಾದಾಗಲೆಲ್ಲ ಅವರಿಗೆ ಕಿವಿನೋವು ಜಾಸ್ತಿ.

ಹೀಗೆ ಗಂಟಲಿನಿಂದ ಬರುವ ಸೋಂಕಿನಲ್ಲಿ ಸಾಮಾನ್ಯವಾಗಿ ಸಿಗುವ ಬ್ಯಾಕ್ಟೀರಿಯಾಗಳು ಸ್ಟ್ರೆಪ್ಟೊಕಾಕಸ್ ನ್ಯುಮೋನಿಯೆ, ಹೀಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ ಕಟರಾಲಿಸ್. ಜ್ವರ, ಜೋರು ನೋವು, ಕೆಲವು ಸಲ ತಮಟೆ ಒಡೆದು ಕೀವು ಹೊರಗೆ. ಬಹಳಷ್ಟು ಸಲ ಈ ತೂತು ತಾನಾಗಿಯೇ ಮುಚ್ಚಿಕೊಳ್ಳುತ್ತದೆ. ಅಮಾಕ್ಸಿಸಿಲಿನ್ ಎಂಬ ಹಳೆಯ ಔಷಧಿಗೆ ಈ ಗುಂಪಿನ ಹಲವು ರೋಗಾಣುಗಳು ಇನ್ನೂ ಬಗ್ಗುತ್ತವೆ.

ತೂತು ಮುಚ್ಚದೆ ಉಳಿದಾಗ ಕಥೆ ಬೇರೆಯಾಗುತ್ತದೆ. ಈಗ ಹೊರಗಿನಿಂದಲೂ ದಾರಿ ತೆರೆದಿದೆ. ಸ್ನಾನದ ನೀರು, ಈಜುವ ನೀರು, ಕಿವಿಯ ಹೊರನಾಳದಲ್ಲಿ ತೇವವನ್ನೇ ನೆಚ್ಚಿ ಬದುಕುವ ಬ್ಯಾಕ್ಟೀರಿಯಾಗಳು ಎಲ್ಲವೂ ಒಳಗೆ ಇಳಿಯುತ್ತವೆ. ಸೋರುವುದು ಎರಡು ವಾರ ದಾಟಿದರೆ ದೀರ್ಘಕಾಲದ ಸೋಂಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆರು ವಾರ ಅಥವಾ ಮೂರು ತಿಂಗಳು ಕಾಯಬೇಕು ಎನ್ನುವ ಇ.ಎನ್.ಟಿ. ಡಾಕ್ಟರುಗಳೂ ಇದ್ದಾರೆ. ಹೆಸರು ಯಾವಾಗ ಕೊಟ್ಟರೂ, ಈ ಹೊತ್ತಿಗೆ ಒಳಗಿರುವ ರೋಗಾಣುಗಳು ಬೇರೆ ಆಗಿರುತ್ತವೆ. ಮಗುವಿನ ಕಿವಿನೋವನ್ನು ಹೋದ ವರ್ಷ ಗುಣಪಡಿಸಿದ್ದ ಅದೇ ಸಿರಪ್ ಈ ವರ್ಷ ಸೋರುವ ಕಿವಿಗೆ ಏನೂ ಮಾಡದಿರುವುದಕ್ಕೆ ಮುಖ್ಯ ಕಾರಣ ಇದು.

ಇನ್ನೊಂದು ಮಾತು. ದೀರ್ಘಕಾಲದ ಸೋಂಕಿನಲ್ಲಿ ನೋವು ಸಾಮಾನ್ಯವಾಗಿ ಇರುವುದಿಲ್ಲ. ನೋವಿಲ್ಲ ಅಂತ ಜನ ತಿಂಗಳುಗಟ್ಟಲೆ ಸುಮ್ನೆ ಇದ್ದುಬಿಡುತ್ತಾರೆ. ಅಷ್ಟರಲ್ಲಿ ಕೇಳುವ ಶಕ್ತಿ ಕುಗ್ಗಿರುತ್ತದೆ. ಜಗತ್ತಿನಲ್ಲಿ 6.5 ಕೋಟಿಯಿಂದ 33 ಕೋಟಿ ಜನರ ಕಿವಿ ಹೀಗೆ ಸೋರುತ್ತದೆ, ಅವರಲ್ಲಿ ಸುಮಾರು ಶೇಕಡಾ 60ರಷ್ಟು ಮಂದಿಗೆ ಕಿವುಡು ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2004ರ ವರದಿ ಅಂದಾಜು ಮಾಡಿತ್ತು. ಮಾತು ಕಲಿಯುವ ವಯಸ್ಸಿನ ಮಗುವಿಗೆ ಹೀಗಾದರೆ ಮಾತು, ಓದು ಎರಡೂ ಹಿಂದೆ ಬೀಳುತ್ತವೆ. ಹಾಗಾಗಿ ಇದನ್ನು ಸಣ್ಣ ಕಾಯಿಲೆ ಅನ್ನುವುದನ್ನು ನಾನಂತೂ ಒಪ್ಪುವುದಿಲ್ಲ.

ಸೂಡೊಮೊನಾಸ್ ಮತ್ತು ಇತರರು

ದೀರ್ಘಕಾಲ ಸೋರುವ ಕಿವಿಯ ಕಲ್ಚರ್‌ಗಳಲ್ಲಿ ಎರಡು ಹೆಸರುಗಳು ಮತ್ತೆ ಮತ್ತೆ ಮೇಲೆ ಬರುತ್ತವೆ: ಸೂಡೊಮೊನಾಸ್ ಏರುಜಿನೋಸಾ ಮತ್ತು ಸ್ಟೆಫೈಲೊಕಾಕಸ್ ಆರಿಯಸ್. ಕೆಲವು ಕಡೆ ಮೊದಲನೆಯದು ಮುಂದೆ, ಕೆಲವು ಕಡೆ ಎರಡನೆಯದು. ಅವುಗಳ ಹಿಂದೆ ಪ್ರೋಟಿಯಸ್, ಕ್ಲೆಬ್ಸಿಯೆಲ್ಲಾ, ಇ. ಕೋಲೈ ಇರುತ್ತವೆ.

ಸೂಡೊಮೊನಾಸ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕಂದರೆ ತೊಂದರೆಯ ದೊಡ್ಡ ಪಾಲು ಇದರದ್ದೇ. 1882ರಲ್ಲಿ ಫ್ರಾನ್ಸಿನ ಕಾರ್ಲ್ ಗೆಸಾರ್ ಎಂಬ ವಿಜ್ಞಾನಿ, ಗಾಯದ ಬ್ಯಾಂಡೇಜಿಗೆ ನೀಲಿ-ಹಸಿರು ಬಣ್ಣ ಯಾಕೆ ಬರುತ್ತದೆ ಅಂತ ಹುಡುಕುತ್ತಾ ಈ ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಆ ಬಣ್ಣ ಪಯೋಸಯನಿನ್ ಎಂಬ ವಸ್ತುವಿನದು. ಇವತ್ತಿಗೂ ಲ್ಯಾಬಿನ ತಟ್ಟೆಯಲ್ಲಿ ಇದು ಬೆಳೆದರೆ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಪದರ) ಪೂರ್ತಿ ಹಸಿರಾಗುತ್ತದೆ, ಮುಚ್ಚಳ ತೆಗೆದರೆ ದ್ರಾಕ್ಷಿಯಂಥ ಸಿಹಿ ವಾಸನೆ ಬರುತ್ತದೆ. ನೀರು, ಮಣ್ಣು, ಸಿಂಕು, ನಲ್ಲಿ ಎಲ್ಲಾ ಕಡೆ ಬದುಕುತ್ತದೆ. ತೀರಾ ಕಡಿಮೆ ಆಹಾರ ಸಾಕು. ತೇವವಿರುವ ಕಿವಿ ಅದಕ್ಕೆ ಒಳ್ಳೆಯ ನೆಲೆ.

ಇದರ ಹೊರಪೊರೆಯಲ್ಲಿ ಔಷಧಿ ಒಳಗೆ ಹೋಗುವ ರಂಧ್ರಗಳೇ ಕಿರಿದು. ಹೇಗೋ ಒಳಗೆ ಹೋದ ಔಷಧಿಯನ್ನು ಹೊರಕ್ಕೆ ತಳ್ಳುವ ಪಂಪುಗಳಿವೆ. ಜೊತೆಗೆ ಪೆನಿಸಿಲಿನ್, ಸೆಫಲೋಸ್ಪೋರಿನ್ ಜಾತಿಯ ಔಷಧಿಗಳನ್ನು ಕತ್ತರಿಸುವ ಕಿಣ್ವವನ್ನು ತಾನೇ ತಯಾರಿಸುತ್ತದೆ. ಹೀಗಾಗಿ ಅಮಾಕ್ಸಿಸಿಲಿನ್, ಅಮಾಕ್ಸಿಸಿಲಿನ್-ಕ್ಲಾವುಲನೇಟ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್, ಕೋಟ್ರೈಮಾಕ್ಸಜೋಲ್, ಕ್ಲೋರಾಂಫೆನಿಕಾಲ್ ಇವಕ್ಕೆಲ್ಲ ಇದು ಹುಟ್ಟಿನಿಂದಲೇ ಜಗ್ಗುವುದಿಲ್ಲ. ಯಾರೋ ಆ್ಯಂಟಿಬಯಾಟಿಕ್ ಜಾಸ್ತಿ ನುಂಗಿದ್ದರಿಂದ ಬಂದ ಗುಣ ಇದಲ್ಲ. ಅದರ ಜಾತಿಯ ಗುಣ. ಸೋರುವ ಕಿವಿಗೆ ಅಂತ ಬಾಯಿಯಿಂದ ಕೊಡುವ ಮಾತ್ರೆಗಳಲ್ಲಿ ಇದಕ್ಕೆ ತಗಲುವುದು ಸಿಪ್ರೊಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಗುಂಪು ಮಾತ್ರ. ಉಳಿದವು ಬಹುತೇಕ ಇಂಜೆಕ್ಷನ್‌ಗಳು: ಸೆಫ್ಟಾಜಿಡೈಮ್, ಪಿಪೆರಾಸಿಲಿನ್-ಟಾಜೋಬ್ಯಾಕ್ಟಮ್, ಅಮಿಕಾಸಿನ್, ಮೆರೋಪೆನೆಮ್. ಇವುಗಳಿಗೂ ಬಗ್ಗದ ತಳಿಗಳು ಆಸ್ಪತ್ರೆಗಳಲ್ಲಿ ಹೆಚ್ಚುತ್ತಿವೆ. ಇದು ಮಾತ್ರ ಜಾತಿಯ ಗುಣವಲ್ಲ, ಔಷಧಿಗಳ ಬಳಕೆಯಿಂದ ಬಂದದ್ದು.

ಸ್ಟೆಫೈಲೊಕಾಕಸ್ ಆರಿಯಸ್ ನಮ್ಮ ಚರ್ಮ, ಮೂಗಿನಲ್ಲೇ ಇರುವ ಬ್ಯಾಕ್ಟೀರಿಯಾ. ಸಾದಾ ಪೆನಿಸಿಲಿನ್ ಅದರ ಬಹುತೇಕ ತಳಿಗಳಿಗೆ ಈಗ ತಗಲುವುದೇ ಇಲ್ಲ. ಮೆಥಿಸಿಲಿನ್ ಎಂಬ ಪೆನಿಸಿಲಿನ್ ಜಾತಿಯ ಔಷಧಿಗೂ ಬಗ್ಗದ ಎಂ.ಆರ್.ಎಸ್.ಎ. ಎಂಬ ತಳಿ 1961ರಲ್ಲಿ ಬ್ರಿಟನ್ನಿನಲ್ಲಿ ಮೊದಲು ವರದಿಯಾಯಿತು. ಕಿವಿಯ ಕೀವಿನಲ್ಲೂ ಅದು ಸಿಗುತ್ತದೆ. ಅದನ್ನು ಪತ್ತೆ ಮಾಡಲು ಲ್ಯಾಬಿನಲ್ಲಿ ಸೆಫಾಕ್ಸಿಟಿನ್ ಎಂಬ ಔಷಧಿ ಹೀರಿಸಿದ ಕಾಗದದ ಬಿಲ್ಲೆ ಇಡುತ್ತಾರೆ. ರಿಪೋರ್ಟಿನಲ್ಲಿ ಸೆಫಾಕ್ಸಿಟಿನ್ ಮುಂದೆ ಆರ್ ಇದ್ದರೆ, ಆ ಒಂದು ಔಷಧಿ ಬಿಟ್ಟು ಬೇರೆಯದು ಕೊಡೋಣ ಅಂದುಕೊಳ್ಳುವ ಹಾಗಿಲ್ಲ. ಪೆನಿಸಿಲಿನ್ ಜಾತಿಯ ಎಲ್ಲವೂ, ಸೆಫಲೋಸ್ಪೋರಿನ್‌ಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಹೋದವು ಅಂತ ಅರ್ಥ. ಕ್ಲಿಂಡಾಮೈಸಿನ್, ಕೋಟ್ರೈಮಾಕ್ಸಜೋಲ್, ಲಿನೆಜೋಲಿಡ್, ವ್ಯಾಂಕೊಮೈಸಿನ್ ಕಡೆಗೆ ನೋಡಬೇಕಾಗುತ್ತದೆ.

ಪ್ರೋಟಿಯಸ್ ಮಿರಾಬಿಲಿಸ್ ತಟ್ಟೆಯ ಮೇಲೆ ನೋಡಲು ಬಹಳ ವಿಶೇಷ. ಬೇರೆ ಬ್ಯಾಕ್ಟೀರಿಯಾಗಳು ಬಿತ್ತಿದ ಜಾಗದಲ್ಲೇ ಚುಕ್ಕಿ ಚುಕ್ಕಿಯಾಗಿ ಬೆಳೆಯುತ್ತವೆ. ಇದು ರಾತ್ರಿ ಕಳೆಯುವುದರೊಳಗೆ ಅಲೆ ಅಲೆಯಾಗಿ ಇಡೀ ತಟ್ಟೆಗೆ ಹರಡಿ, ಪಕ್ಕದಲ್ಲಿ ಬೆಳೆದವನ್ನೂ ಮುಚ್ಚಿಬಿಡುತ್ತದೆ. ಔಷಧಿಯ ವಿಷಯದಲ್ಲಿ ಒಂದು ಮುಖ್ಯ ಸಂಗತಿ: ಪಾಲಿಮಿಕ್ಸಿನ್ ಇದಕ್ಕೆ ತಗಲುವುದಿಲ್ಲ. ಸೂಡೊಮೊನಾಸ್‌ಗೆ ತಗಲುತ್ತದೆ ಅಂತಲೇ ಕೆಲವು ಕಿವಿ ಹನಿಗಳಲ್ಲಿ ಪಾಲಿಮಿಕ್ಸಿನ್ ಬಿ ಸೇರಿಸಿರುತ್ತಾರೆ. ಕಿವಿಯಲ್ಲಿ ಇರುವುದು ಪ್ರೋಟಿಯಸ್ ಆದರೆ ಆ ಭಾಗ ವ್ಯರ್ಥ.

ಗಾಳಿ ಇಲ್ಲದ ಕಡೆ ಬೆಳೆಯುವ ಬ್ಯಾಕ್ಟೀರಿಯಾಗಳೂ ಇವೆ. ಕೀವು ಕೆಟ್ಟ ನಾತ ಹೊಡೆಯುತ್ತಿದ್ದರೆ ಇವುಗಳ ಮೇಲೆ ಅನುಮಾನ ಬರಬೇಕು. ಕೀವು ಒರೆಸಿ ತೆಗೆಯುವ ಸಾಮಾನ್ಯ ಸ್ವಾಬಿನಲ್ಲಿ (ಹತ್ತಿ ಸುತ್ತಿದ ಕಡ್ಡಿ) ಇವು ಲ್ಯಾಬ್ ತಲುಪುವಷ್ಟರಲ್ಲಿ ಸತ್ತಿರುತ್ತವೆ, ಹಾಗಾಗಿ ರಿಪೋರ್ಟಿನಲ್ಲಿ ಕಾಣುವುದಿಲ್ಲ. ಇನ್ನು ಬೂಷ್ಟು. ಆಸ್ಪರ್ಜಿಲಸ್, ಕ್ಯಾಂಡಿಡಾ ಎರಡೂ ಕಿವಿಯಲ್ಲಿ ಬೆಳೆಯುತ್ತವೆ, ಅದರಲ್ಲೂ ಆ್ಯಂಟಿಬಯಾಟಿಕ್ ಹನಿಗಳನ್ನು ವಾರಗಟ್ಟಲೆ ಹಾಕುತ್ತಾ ಹೋದಾಗ. ಸೋರುವುದು ಕಡಿಮೆಯಾಗಿ ತುರಿಕೆ ಶುರುವಾದರೆ, ಕಪ್ಪು ಅಥವಾ ಬಿಳಿ ಪುಡಿಯಂಥದ್ದು ಕಂಡರೆ, ಅದೇ ಹನಿಯನ್ನು ಮುಂದುವರಿಸುವುದು ಬೂಷ್ಟಿಗೇ ಅನುಕೂಲ.

ಲ್ಯಾಬಿನ ತಟ್ಟೆಯಲ್ಲಿ ಏನಾಗುತ್ತದೆ

ರಿಪೋರ್ಟು ಎಷ್ಟು ಸರಿ ಎಂಬುದು ಸ್ವಾಬ್ ತೆಗೆದ ರೀತಿಯ ಮೇಲೆ ನಿಂತಿದೆ. ಹೊರನಾಳದ ಬಾಯಲ್ಲಿ ಒರೆಸಿದ ಸ್ವಾಬಿನಲ್ಲಿ ಚರ್ಮದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಬೇಕಾದಷ್ಟು ಬೆಳೆಯುತ್ತವೆ. ಮೊದಲು ನಾಳವನ್ನು ಸ್ವಚ್ಛ ಮಾಡಿ, ಬೆಳಕು ಹಾಕಿ ನೋಡಿ, ತೂತಿನ ಹತ್ತಿರ ಹೊಸದಾಗಿ ಬರುತ್ತಿರುವ ಕೀವನ್ನು ಸಣ್ಣ ಸ್ವಾಬಿನಿಂದ ಮುಟ್ಟಿ ತೆಗೆಯಬೇಕು. ಆಗಲೇ ಆ್ಯಂಟಿಬಯಾಟಿಕ್ ಶುರುವಾಗಿದ್ದರೆ ಏನೂ ಬೆಳೆಯದೆ ಇರಬಹುದು. ‘ಬೆಳವಣಿಗೆ ಇಲ್ಲ’ ಎಂಬ ರಿಪೋರ್ಟು ಬಂದಾಗ ಸೋಂಕು ಇಲ್ಲ ಅಂತ ಖುಷಿಪಡುವ ಮೊದಲು ಇದನ್ನು ಕೇಳಿಕೊಳ್ಳಬೇಕು.

ಕೀವನ್ನು ಬ್ಲಡ್ ಅಗಾರ್, ಮ್ಯಾಕಾಂಕಿ ಅಗಾರ್ ತಟ್ಟೆಗಳ ಮೇಲೆ ಎಳೆದು ಸುಮಾರು 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಇಡುತ್ತಾರೆ. ಮಾರನೆಯ ದಿನ ಬೆಳೆದದ್ದು ಯಾವುದು ಅಂತ ಗುರುತಿಸುತ್ತಾರೆ. ಔಷಧಿ ಪರೀಕ್ಷೆ ಆಮೇಲಿನದು. ಬ್ಯಾಕ್ಟೀರಿಯಾವನ್ನು ಸಲೈನಿನಲ್ಲಿ ಕದಡಿ, ಗೊತ್ತಾದ ಮಟ್ಟದ ಮಬ್ಬಿಗೆ ತಂದು, ಮುಲ್ಲರ್-ಹಿಂಟನ್ ಅಗಾರ್ ತಟ್ಟೆಯ ಮೇಲೆ ಇಡಿಯಾಗಿ ಸವರುತ್ತಾರೆ. ಅದರ ಮೇಲೆ 6 ಮಿಲಿಮೀಟರ್ ಅಗಲದ ಕಾಗದದ ಬಿಲ್ಲೆಗಳನ್ನು ಇಡುತ್ತಾರೆ. ಒಂದೊಂದು ಬಿಲ್ಲೆಯಲ್ಲಿ ಒಂದೊಂದು ಔಷಧಿ, ತೂಕ ಹಾಕಿದಷ್ಟೇ. ರಾತ್ರಿಯೆಲ್ಲ ಔಷಧಿ ಬಿಲ್ಲೆಯಿಂದ ಸುತ್ತಲಿನ ಅಗಾರಿಗೆ ಇಳಿಯುತ್ತದೆ. ಬೆಳಿಗ್ಗೆ ನೋಡಿದರೆ ತಟ್ಟೆ ಪೂರ್ತಿ ಬ್ಯಾಕ್ಟೀರಿಯಾ ಹಬ್ಬಿರುತ್ತದೆ, ಔಷಧಿ ತಗಲಿದ ಕಡೆ ಮಾತ್ರ ಬಿಲ್ಲೆಯ ಸುತ್ತ ಬೋಳು ವೃತ್ತ. ಅದರ ಅಗಲವನ್ನು ಸ್ಕೇಲಿನಿಂದ ಅಳೆಯುತ್ತಾರೆ. ಬಾವರ್, ಕರ್ಬಿ ಮತ್ತು ಅವರ ಸಂಗಡಿಗರು 1966ರಲ್ಲಿ ಪ್ರಕಟಿಸಿದ ಈ ವಿಧಾನ ಇಂದಿಗೂ ಜಗತ್ತಿನ ಸಾವಿರಾರು ಲ್ಯಾಬುಗಳಲ್ಲಿ ನಡೆಯುತ್ತಿದೆ.

ಅಳತೆಯನ್ನು ಕೋಷ್ಟಕದೊಂದಿಗೆ ಹೋಲಿಸುತ್ತಾರೆ. ಸೂಡೊಮೊನಾಸ್ ತಟ್ಟೆಯಲ್ಲಿ ಸಿಪ್ರೊಫ್ಲಾಕ್ಸಾಸಿನ್ ಬಿಲ್ಲೆಯ ಸುತ್ತ 25 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ವೃತ್ತವಿದ್ದರೆ ಎಸ್, 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಆರ್, ನಡುವೆ ಇದ್ದರೆ ಐ. ಇದು ಅಮೆರಿಕದ ಸಿ.ಎಲ್.ಎಸ್.ಐ. ಸಂಸ್ಥೆ 2019ರಲ್ಲಿ ಪರಿಷ್ಕರಿಸಿದ ಗಡಿ. ಗಡಿಗಳು ಕಾಲಕಾಲಕ್ಕೆ ಬದಲಾಗುತ್ತವೆ ಅನ್ನುವುದನ್ನು ಗಮನಿಸಿ. ಯೂರೋಪಿನ ಯುಕಾಸ್ಟ್ ಸಂಸ್ಥೆಯ ಕೋಷ್ಟಕ ಬೇರೆಯೇ. ಅದು ಐ ಎಂಬ ಅಕ್ಷರಕ್ಕೂ 2019ರಿಂದ ಹೊಸ ಅರ್ಥ ಕೊಟ್ಟಿದೆ: ಔಷಧಿ ಕೆಲಸ ಮಾಡುತ್ತದೆ, ಆದರೆ ಹೆಚ್ಚಿನ ಪ್ರಮಾಣ ಬೇಕು.

ಬಿಲ್ಲೆ ಪರೀಕ್ಷೆಯಲ್ಲಿ ಜಾಣ್ಮೆ ಬೇಕಾದ ಜಾಗಗಳೂ ಇವೆ. ಸ್ಟೆಫೈಲೊಕಾಕಸ್ ತಟ್ಟೆಯಲ್ಲಿ ಕ್ಲಿಂಡಾಮೈಸಿನ್ ಬಿಲ್ಲೆಯನ್ನು ಎರಿಥ್ರೊಮೈಸಿನ್ ಬಿಲ್ಲೆಯ ಪಕ್ಕಕ್ಕೆ ಇಡುತ್ತಾರೆ. ಕೆಲವು ತಳಿಗಳಲ್ಲಿ ಕ್ಲಿಂಡಾಮೈಸಿನ್ ಸುತ್ತಲ ವೃತ್ತ ದೊಡ್ಡದಾಗಿಯೇ ಇರುತ್ತದೆ, ಆದರೆ ಎರಿಥ್ರೊಮೈಸಿನ್ ಕಡೆಗಿನ ಅಂಚು ಚಪ್ಪಟೆಯಾಗಿರುತ್ತದೆ. ಇಂಗ್ಲಿಷಿನ ಡಿ ಅಕ್ಷರದ ಆಕಾರ. ಆ ಚಪ್ಪಟೆ ಅಂಚು ಕಂಡರೆ ವೃತ್ತ ಎಷ್ಟೇ ದೊಡ್ಡದಿರಲಿ ಆರ್ ಅಂತಲೇ ಬರೆಯಬೇಕು, ಯಾಕಂದರೆ ಚಿಕಿತ್ಸೆಯ ನಡುವೆ ಆ ತಳಿ ಪ್ರತಿರೋಧ ತೋರಿಸಲು ಶುರು ಮಾಡುತ್ತದೆ. ಬರೀ ಮಿಲಿಮೀಟರ್ ನೋಡಿದವರಿಗೆ ಇದು ಕಣ್ಣಿಗೆ ಬೀಳುವುದಿಲ್ಲ.

ರಕ್ತದ ಲೆಕ್ಕ, ಹನಿಯ ಲೆಕ್ಕ

ಎಸ್, ಆರ್ ನಿರ್ಧರಿಸುವ ಗಡಿಗಳನ್ನು ಹಾಕಿರುವುದು ಮಾತ್ರೆ ಅಥವಾ ಇಂಜೆಕ್ಷನ್ ಕೊಟ್ಟಾಗ ರಕ್ತದಲ್ಲಿ ಔಷಧಿ ಎಷ್ಟು ಪ್ರಮಾಣಕ್ಕೆ ಏರುತ್ತದೆ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು. ಸೂಡೊಮೊನಾಸ್ ಬೆಳವಣಿಗೆ ನಿಲ್ಲಿಸಲು ಒಂದು ಮಿಲಿಲೀಟರ್‌ಗೆ 0.5 ಮೈಕ್ರೋಗ್ರಾಂ ಸಿಪ್ರೊಫ್ಲಾಕ್ಸಾಸಿನ್ ಸಾಕಾದರೆ ಎಸ್. 2 ಅಥವಾ ಅದಕ್ಕಿಂತ ಹೆಚ್ಚು ಬೇಕಾದರೆ ಆರ್. ಅಷ್ಟನ್ನು ರಕ್ತದಲ್ಲಿ ಸುರಕ್ಷಿತವಾಗಿ ಉಳಿಸಿಕೊಳ್ಳುವುದು ಕಷ್ಟ.

ಈಗ ಕಿವಿಗೆ ಹಾಕುವ ಹನಿಯನ್ನು ನೋಡಿ. ಸಿಪ್ರೊಫ್ಲಾಕ್ಸಾಸಿನ್ ಹನಿಗಳು ಸಾಮಾನ್ಯವಾಗಿ ಶೇಕಡಾ 0.3. ಅಂದರೆ ಒಂದು ಮಿಲಿಲೀಟರ್‌ನಲ್ಲಿ 3000 ಮೈಕ್ರೋಗ್ರಾಂ. ಆರ್ ಅಂತ ಬರೆಯಲು ಹಾಕಿದ 2ರ ಗಡಿಗಿಂತ ಇದು 1500 ಪಟ್ಟು ಜಾಸ್ತಿ. 16 ಅಥವಾ 32 ಮೈಕ್ರೋಗ್ರಾಂಗೆ ಬಗ್ಗುವ ತಳಿ ಹಾಳೆಯ ಮೇಲೆ ಆರ್ ಆಗಿದ್ದರೂ ಹನಿಯ ಮುಂದೆ ಉಳಿಯದಿರಬಹುದು. ಹನಿ ಹಾಕಿ ಕಿವಿ ಒಣಗುತ್ತಿರುವಾಗ ರಿಪೋರ್ಟಿನಲ್ಲಿ ಆರ್ ಕಂಡಿತು ಅಂತ ಗಾಬರಿಯಾಗಿ ಚಿಕಿತ್ಸೆ ಬದಲಿಸುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಈ ಒಂದು ಸಂಗತಿಯನ್ನು ರಿಪೋರ್ಟ್ ಕೊಡುವವರೂ ತೆಗೆದುಕೊಳ್ಳುವವರೂ ತಿಳಿದಿದ್ದರೆ ಎಷ್ಟೋ ಇಂಜೆಕ್ಷನ್‌ಗಳು ತಪ್ಪುತ್ತವೆ ಎಂಬುದು ನನ್ನ ನಂಬಿಕೆ.

ಮಾತ್ರೆಯದು ಉಲ್ಟಾ ಕಥೆ. ನಡುಗಿವಿಯ ಒಳಪೊರೆ ಊದಿಕೊಂಡು, ಹಳೆಯ ಗಾಯದಿಂದ ಗಟ್ಟಿಯಾಗಿ, ರಕ್ತದ ಓಡಾಟವೇ ಕಡಿಮೆಯಾಗಿದ್ದಾಗ ರಕ್ತದಲ್ಲಿರುವ ಔಷಧಿ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಹಾಳೆಯಲ್ಲಿ ಎಸ್ ಇದ್ದರೂ ಸೋರುವುದು ನಿಲ್ಲದಿರುವುದಕ್ಕೆ ಇದೊಂದು ಕಾರಣ. ತೊಡಕಿಲ್ಲದ ಸೋರುವ ಕಿವಿಗೆ ನುಂಗುವ ಆ್ಯಂಟಿಬಯಾಟಿಕ್‌ಗಿಂತ ಕ್ವಿನೊಲೋನ್ (ಸಿಪ್ರೊಫ್ಲಾಕ್ಸಾಸಿನ್ ಗುಂಪಿನ) ಹನಿಗಳೇ ಮೇಲು ಅಂತ ತಜ್ಞರು ಹೇಳುವುದು ಇದಕ್ಕೇ.

ಹಾಗಂತ ಹನಿ ಎಲ್ಲವನ್ನೂ ಗೆಲ್ಲುತ್ತದೆ ಅಂತಲೂ ಅಲ್ಲ. ಬ್ಯಾಕ್ಟೀರಿಯಾಗಳು ಒಳಪೊರೆಗೆ ಅಂಟಿಕೊಂಡು, ತಮ್ಮ ಸುತ್ತ ಲೋಳೆಯ ಹೊದಿಕೆ ಕಟ್ಟಿಕೊಂಡು ಗುಂಪಾಗಿ ಬದುಕುತ್ತವೆ. ಇದಕ್ಕೆ ಬಯೋಫಿಲ್ಮ್ ಎನ್ನುತ್ತಾರೆ. ಕಿವಿಯ ತೊಂದರೆಯಿರುವ ಮಕ್ಕಳ ನಡುಗಿವಿಯ ಒಳಪೊರೆಯಲ್ಲಿ ಇದನ್ನು ಸೂಕ್ಷ್ಮದರ್ಶಕದಲ್ಲಿ ಕಂಡದ್ದು 2006ರಲ್ಲಿ ಪ್ರಕಟವಾಯಿತು. ತೊಟ್ಟಿಯ ಒಳಗೋಡೆಗೆ ಹತ್ತಿದ ಪಾಚಿಯ ಹಾಗೆ ಇದು. ಎಷ್ಟು ನೀರು ಸುರಿದರೂ ಹೋಗುವುದಿಲ್ಲ, ಉಜ್ಜಬೇಕು. ಲ್ಯಾಬಿನ ತಟ್ಟೆಯಲ್ಲಿ ಪರೀಕ್ಷೆಯಾಗುವುದು ಬಿಡಿಬಿಡಿಯಾಗಿ ಕದಡಿದ ಬ್ಯಾಕ್ಟೀರಿಯಾ. ಬಯೋಫಿಲ್ಮಿನೊಳಗೆ ಕೂತ ಅದೇ ಬ್ಯಾಕ್ಟೀರಿಯಾವನ್ನು ಕೊಲ್ಲಲು ನೂರಾರು ಪಟ್ಟು ಔಷಧಿ ಬೇಕಾಗಬಹುದು. ಈ ವ್ಯತ್ಯಾಸ ರಿಪೋರ್ಟಿನಲ್ಲಿ ಎಲ್ಲೂ ಕಾಣುವುದಿಲ್ಲ.

ಆದ್ದರಿಂದಲೇ ಸ್ವಚ್ಛ ಮಾಡುವ ಕೆಲಸಕ್ಕೆ ಇಷ್ಟು ಬೆಲೆ. ಡಾಕ್ಟರು ಸೂಕ್ಷ್ಮದರ್ಶಕದಡಿಯಲ್ಲಿ ಕೀವನ್ನು ಹೀರಿ ತೆಗೆಯುತ್ತಾರೆ. ಮನೆಯಲ್ಲಿ ಮಾಡಲು ಹೇಳಿದರೆ, ಟಿಶ್ಯೂ ಕಾಗದವನ್ನು ಬತ್ತಿ ಹೊಸೆದು ಕಿವಿಯ ಬಾಯಲ್ಲಿಟ್ಟು ಕೀವು ಹೀರಿಕೊಳ್ಳಲು ಬಿಟ್ಟು, ಒದ್ದೆಯಾಗುವುದು ನಿಲ್ಲುವ ತನಕ ಹೊಸ ಬತ್ತಿ ಹಾಕುತ್ತಾರೆ. ಆಮೇಲೆ ಹನಿ. ಕೀವು ತುಂಬಿದ ಕಿವಿಗೆ ಹಾಕಿದ ಹನಿ ಕೀವಿನ ಮೇಲೇ ತೇಲಿ ಹೊರಗೆ ಬರುತ್ತದೆ. ಬಾಟಲಿಯನ್ನು ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಳ್ಳಿ, ತಣ್ಣಗಿನ ಹನಿಯ ತಂಪು ಒಳಕಿವಿಗೆ ತಾಗಿ ತಲೆ ಸುತ್ತಿಸಬಹುದು. ಪಕ್ಕಕ್ಕೆ ಮಲಗಿ ಹನಿ ಹಾಕಿ, ಕಿವಿಯ ಮುಂದಿನ ಪುಟ್ಟ ಮೃದ್ವಸ್ಥಿಯನ್ನು ಕೆಲವು ಸಲ ಒಳಕ್ಕೆ ಒತ್ತಿ ಬಿಟ್ಟರೆ ಔಷಧಿ ತೂತಿನ ಮೂಲಕ ನಡುಗಿವಿಗೆ ಇಳಿಯುತ್ತದೆ. ಸ್ನಾನ ಮಾಡುವಾಗ ವ್ಯಾಸಲೀನ್ ಸವರಿದ ಹತ್ತಿ ಇಟ್ಟುಕೊಂಡರೆ ನೀರು ಹೋಗುವುದಿಲ್ಲ.

ಯಾವ ಹನಿ ಎಂಬುದನ್ನು ಡಾಕ್ಟರೇ ಹೇಳಲಿ. ಜೆಂಟಾಮೈಸಿನ್, ನಿಯೋಮೈಸಿನ್ ಇರುವ ಹನಿಗಳು ತೂತಿನ ಮೂಲಕ ಒಳಗೆ ಹೋಗಿ ಒಳಕಿವಿಯಲ್ಲಿ ಶಬ್ದವನ್ನು ಗ್ರಹಿಸುವ ಕೋಶಗಳಿಗೆ ಹಾನಿ ಮಾಡಬಲ್ಲವು. ಹಾಗೆ ಹೋದ ಕೇಳುವ ಶಕ್ತಿ ವಾಪಸ್ ಬರುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್ ಹನಿಗಳಿಗೆ ಈ ಅಪಾಯವಿಲ್ಲ.

ಹಾಳೆ ನಿಜವಾಗಿ ಬೇಕಾಗುವುದು ಯಾವಾಗ

ಸ್ವಚ್ಛ ಮಾಡಿ, ಸರಿಯಾಗಿ ಹನಿ ಹಾಕಿ, ಒಂದೆರಡು ವಾರ ಕಳೆದರೂ ಸೋರುತ್ತಿದ್ದರೆ ಕಲ್ಚರ್ ತುಂಬಾ ಉಪಯೋಗಕ್ಕೆ ಬರುತ್ತದೆ. ಆಗ ಬೂಷ್ಟು ಇದೆಯೇ, ಎಂ.ಆರ್.ಎಸ್.ಎ. ಇದೆಯೇ, ಸಿಪ್ರೊಫ್ಲಾಕ್ಸಾಸಿನ್‌ಗೆ ಒಂಚೂರೂ ಜಗ್ಗದ ಸೂಡೊಮೊನಾಸ್ ಇದೆಯೇ ಎಂಬುದು ಗೊತ್ತಾಗುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ರೋಗನಿರೋಧಕ ಶಕ್ತಿ ಕುಗ್ಗಿದವರಲ್ಲಿ, ಆಪರೇಷನ್‌ಗೆ ಮೊದಲು ಇದನ್ನು ಬೇಗನೆ ಮಾಡಿಸುವುದು ಒಳ್ಳೆಯದು. ನೋವಿಲ್ಲದೆ ಸೋರುತ್ತಾ, ಯಾವ ಆ್ಯಂಟಿಬಯಾಟಿಕ್‌ಗೂ ಬಗ್ಗದೆ, ತಮಟೆಯಲ್ಲಿ ಒಂದಕ್ಕಿಂತ ಹೆಚ್ಚು ತೂತುಗಳಿದ್ದರೆ ಕ್ಷಯವನ್ನೂ ನೆನೆಯಬೇಕು. ಅದಕ್ಕೆ ಪರೀಕ್ಷೆಯೇ ಬೇರೆ, ಸಾಮಾನ್ಯ ಕಲ್ಚರಿನಲ್ಲಿ ಕ್ಷಯದ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ.

ಸೋಂಕು ಕಿವಿ ದಾಟಿದಾಗ ಲೆಕ್ಕ ಮತ್ತೆ ರಕ್ತಕ್ಕೆ ಬರುತ್ತದೆ. ಕಿವಿಯ ಹಿಂದೆ ಊತ, ಜ್ವರ, ಜೋರು ತಲೆನೋವು, ವಾಂತಿ, ತಲೆಸುತ್ತು, ಮುಖದ ಒಂದು ಬದಿ ಸೊಟ್ಟಗಾಗುವುದು: ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಮೂಳೆಯ ಸೋಂಕು, ಮೆದುಳುಪೊರೆಯ ಉರಿಯೂತ, ಮೆದುಳಿನಲ್ಲಿ ಕೀವು ಕಟ್ಟುವುದು ಇವೆಲ್ಲ ಸೋರುವ ಕಿವಿಯಿಂದಲೇ ಶುರುವಾಗಬಲ್ಲವು. ಅಲ್ಲಿ ಇಂಜೆಕ್ಷನ್ ಬೇಕೇ ಬೇಕು, ರಿಪೋರ್ಟಿನ ಎಸ್ ಮತ್ತು ಆರ್ ಅಕ್ಷರಶಃ ಪಾಲಿಸಬೇಕಾದವು.

ಕೊನೆಯದಾಗಿ, ಯಾವ ಆ್ಯಂಟಿಬಯಾಟಿಕ್ಕೂ ಕೆಲಸ ಮಾಡದ ಒಂದು ಸ್ಥಿತಿ ಇದೆ. ತಮಟೆಯ ಚರ್ಮ ಒಳಕ್ಕೆ ಬೆಳೆದು ಸತ್ತ ಪದರಗಳ ಗಂಟಾಗುತ್ತದೆ, ಹೆಸರು ಕೊಲೆಸ್ಟಿಯಟೋಮಾ. ಸೋರುವುದು ಸ್ವಲ್ಪವೇ ಇರಬಹುದು, ನಾತ ಮಾತ್ರ ವಿಪರೀತ. ಅದು ಸುತ್ತಲಿನ ಮೂಳೆಯನ್ನು ನಿಧಾನವಾಗಿ ಸವೆಸುತ್ತದೆ. ಕಲ್ಚರ್ ಮಾಡಿಸಿದರೆ ಅದರಲ್ಲೂ ಸೂಡೊಮೊನಾಸ್, ಪ್ರೋಟಿಯಸ್ ಸಿಗುತ್ತವೆ, ಎಸ್ ಇರುವ ಔಷಧಿಗಳ ಪಟ್ಟಿಯೂ ಬರುತ್ತದೆ. ಹನಿ ಹಾಕಿದರೆ ಕೆಲವು ದಿನ ಒಣಗಿದಂತೆ ಕಂಡು ಮತ್ತೆ ಶುರುವಾಗುತ್ತದೆ. ಪದೇ ಪದೇ ಹೀಗಾಗುತ್ತಿದ್ದರೆ ಇನ್ನೊಂದು ಕಲ್ಚರ್ ಮಾಡಿಸುವ ಬದಲು ಇ.ಎನ್.ಟಿ. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ತಮಟೆಯನ್ನು ಮೇಲಿನ ಅಂಚಿನ ತನಕ ನೋಡಬೇಕು, ಬೇಕಿದ್ದರೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು. ಗಂಟು ಇದ್ದರೆ ಆಪರೇಷನ್ ಮಾಡಿ ತೆಗೆಯುವುದೇ ಅದಕ್ಕೆ ಚಿಕಿತ್ಸೆ. ಗಂಟಿಲ್ಲದೆ ಬರೀ ತೂತು ಉಳಿದಿದ್ದರೆ, ಕಿವಿ ಒಣಗಿದ ಮೇಲೆ ನಮ್ಮದೇ ದೇಹದ ತೆಳು ಪೊರೆಯಿಂದ ಅದನ್ನು ಮುಚ್ಚುವ ಟಿಂಪನೋಪ್ಲಾಸ್ಟಿ 1950ರ ದಶಕದಿಂದಲೂ ನಡೆಯುತ್ತಿದೆ. ತೂತು ಮುಚ್ಚಿದರೆ ಹೊರಗಿನ ನೀರಿನ ದಾರಿ ಮುಚ್ಚುತ್ತದೆ, ಸೂಡೊಮೊನಾಸ್ ಒಳಗೆ ಇಳಿಯುತ್ತಿದ್ದದ್ದು ಆ ದಾರಿಯಲ್ಲೇ.